ಪ್ರಾಗ್‌ನಲ್ಲಿ ಹೊತ್ತು ಮುಳುಗುವ ತನಕ

ಆಫೀಸಿನ ಕೆಲಸಕ್ಕೆಂದು ಎರಡು ವಾರ ಜರ್ಮನಿಯ ಡ್ರೆಸ್ಡನ್‌ನಲ್ಲಿದ್ದೆ. ಅಲ್ಲಿಂದ ಜೆಕ್ ದೇಶದ ರಾಜಧಾನಿ ಪ್ರಾಗ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ, ಅಷ್ಟೇ. ನವೆಂಬರ್ ಮೊದಲ ವಾರ. ಜೊತೆಯವರು ಯಾರೂ ಆ ಚಳಿಗೆ ಬರಲು ಒಪ್ಪಲಿಲ್ಲ. ಸರಿ ಅಂತ ಒಬ್ಬಳೇ ಹೊರಟೆ.

ಇದ್ದದ್ದು ಒಂದೇ ದಿನ. ಹಾಗಾಗಿ ಯಾವ ವಾರ ಅನ್ನೋದನ್ನೇ ಮೊದಲು ನೋಡಿದೆ. ಶನಿವಾರ ಯಹೂದಿ ಮ್ಯೂಸಿಯಂ ಪೂರ್ತಿ ಬಂದ್. ಭಾನುವಾರ ಕೋಟೆಯೊಳಗಿನ ದೊಡ್ಡ ಚರ್ಚಿಗೆ ಮಧ್ಯಾಹ್ನದವರೆಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಶುಕ್ರವಾರಕ್ಕೆ ರಜೆ ಹಾಕಿ, ಗುರುವಾರ ರಾತ್ರಿಯೇ ಹೋಗಿ ಹಳೇ ಊರಿನ ಹತ್ತಿರದ ಹಾಸ್ಟೆಲ್ ಒಂದರಲ್ಲಿ ಮಲಗಿದೆ. ದುಡ್ಡಿಗಿಂತ ನನಗೆ ಬೆಳಕಿನ ಚಿಂತೆ ಜಾಸ್ತಿ ಇತ್ತು. ಆ ತಿಂಗಳಲ್ಲಿ ಅಲ್ಲಿ ಏಳಕ್ಕೆ ಬೆಳಗಾಗುತ್ತದೆ, ನಾಲ್ಕೂವರೆಗೆ ಹೊತ್ತು ಮುಳುಗಿಬಿಡುತ್ತದೆ. ಒಂಟಿಯಾಗಿ ಹೋದವಳಿಗೆ ಒಂಬತ್ತೂವರೆ ಗಂಟೆಯ ಹಗಲು.

ಬೆಳಿಗ್ಗೆ ಆರೂಕಾಲಿಗೆ ಹಳೇ ಊರಿನ ಚೌಕದಲ್ಲಿದ್ದೆ. ಹಗಲಿನಲ್ಲಿ ಕಾಲಿಡಲು ಜಾಗ ಇರದ ಆ ಚೌಕದಲ್ಲಿ ಕಸ ಗುಡಿಸುವ ಗಾಡಿ ಒಂದು, ನಾನೊಬ್ಬಳು. ಎದುರಿಗೆ ಓರ್ಲೊಯ್, ಅಂದರೆ 1410ರ ಖಗೋಳ ಗಡಿಯಾರ. ಎಲ್ಲರೂ ಇದನ್ನು ನೋಡಲು ಬರುವುದು ಗೊಂಬೆಯಾಟಕ್ಕೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಕಿಟಕಿ ತೆರೆದು ಹನ್ನೆರಡು ಮಂದಿ ಅಪೊಸ್ತಲರು, ಅಂದರೆ ಏಸುವಿನ ಶಿಷ್ಯರು, ಮೆರವಣಿಗೆ ಹೋಗುತ್ತಾರೆ. ಒಂದು ನಿಮಿಷವೂ ಇರುವುದಿಲ್ಲ ಅದು. ನನಗೆ ಬೇಕಾಗಿದ್ದದ್ದು ಮುಳ್ಳು ತಿರುಗುವ ಫಲಕ. ಕಾರಣ ಅಪ್ಪ. ನಮ್ಮ ತಂದೆ ಯುಗಾದಿಗೆ ಊರಿನವರಿಗೆಲ್ಲ ಪಂಚಾಂಗ ಓದಿ ಹೇಳುವವರು. ಮೇಷ, ವೃಷಭ ಎಲ್ಲ ಇರುವ ಗಡಿಯಾರ ಅಂದಾಗ, "ಸರಿಯಾಗಿ ನೋಡ್ಕೊಂಡು ಬಾ, ಬರೀ ಫೋಟೊ ಹೊಡ್ಕೊಂಡು ಬರಬೇಡ" ಅಂದಿದ್ದರು.

ಫಲಕದ ಎಡಕ್ಕೆ ಪೂರ್ವ, ಬಲಕ್ಕೆ ಪಶ್ಚಿಮ. ಮೇಲೆ ನೀಲಿ ಬಣ್ಣ ಹಗಲು, ಕೆಳಗೆ ಕಪ್ಪು ಬಣ್ಣ ರಾತ್ರಿ, ನಡುವೆ ಕಿತ್ತಳೆ ಬಣ್ಣದ ಪಟ್ಟಿ. ಎಡಗಡೆಯ ಪಟ್ಟಿಯ ಮೇಲೆ ಲ್ಯಾಟಿನ್‌ನಲ್ಲಿ 'ಅರೋರಾ' ಎಂದಿದೆ, ಅಂದರೆ ನಸುಕು. ಚಿನ್ನದ ಸೂರ್ಯ ಆಗ ಅಲ್ಲೇ ಇದ್ದ. ತಲೆ ಎತ್ತಿ ಆಕಾಶ ನೋಡಿದರೆ ಅದೇ ಬಣ್ಣ! ಇನ್ನು ರೋಮನ್ ಅಂಕೆಗಳ ಸುತ್ತು ನಮ್ಮ ಮಾಮೂಲಿ ಸಮಯ. ಅದರಾಚೆ ಎಲ್ಲಕ್ಕೂ ಹೊರಗೆ ಒಂದು ಕಪ್ಪು ಉಂಗುರ, ಅದರ ಮೇಲೆ 1ರಿಂದ 24ರವರೆಗೆ ಹಳೇ ಅಕ್ಷರದ ಚಿನ್ನದ ಅಂಕೆಗಳು. ಅದರಲ್ಲಿ 4 ಅಂದರೆ ಕಾಲು ಕತ್ತರಿಸಿದ 8ರ ಹಾಗಿದೆ. ಎರಡು ನಿಮಿಷ ಕಣ್ಣು ಕಿರಿದು ಮಾಡಿಕೊಂಡು ನಿಂತ ಮೇಲೆ ಅರ್ಥವಾಯಿತು. ಮುಳ್ಳಿನ ತುದಿಯ ಪುಟ್ಟ ಚಿನ್ನದ ಕೈ ಹತ್ತಿರಹತ್ತಿರ 14 ತೋರಿಸುತ್ತಿತ್ತು.

ಇದು ಹಳೇ ಬೊಹಿಮಿಯಾದ, ಅಂದರೆ ಪ್ರಾಗ್ ಇರುವ ಸೀಮೆಯ ಸಮಯ. ಅವರ ದಿನ ಶುರುವಾಗುತ್ತಿದ್ದದ್ದು ಸೂರ್ಯಾಸ್ತದಿಂದ. ಸೂರ್ಯ ಮುಳುಗಿದಾಗ 24, ಅಲ್ಲಿಂದ ಮತ್ತೆ ಒಂದು. 14 ಅಂದರೆ ನಿನ್ನೆ ಹೊತ್ತು ಮುಳುಗಿ 14 ಗಂಟೆ ಆಯಿತು ಎಂದು ಅರ್ಥ. 24ರಲ್ಲಿ ಕಳೆದರೆ ಉಳಿದದ್ದು ಹತ್ತು ಗಂಟೆ. ಇವತ್ತು ಕತ್ತಲಾಗೋಕೆ ಇನ್ನೆಷ್ಟು ಹೊತ್ತಿದೆ ಅನ್ನೋದನ್ನು ನೇರವಾಗಿ ಹೇಳುವ ಗಡಿಯಾರ. ನನಗೆ ಬೇಕಾಗಿದ್ದದ್ದೇ ಇದು ಅಲ್ವಾ? ಆ ದಿನ ಪೂರ್ತಿ ಕೈಗಡಿಯಾರ ಬಿಟ್ಟು ಈ ಲೆಕ್ಕದಲ್ಲೇ ಓಡಾಡಿದೆ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮೂರಲ್ಲಿ ಆಗ ಹತ್ತೂಮುಕ್ಕಾಲು. "ಶುಕ್ರವಾರ ಹತ್ತೂವರೆಗೆ ರಾಹುಕಾಲ ಹತ್ತಿದೆ, ಈಗಲೇ ಸುದ್ದಿ ಹೇಳ್ಬೇಕಾ ನೀನು?" ಅಂದರು. ಆದರೂ ಕೇಳಿಸಿಕೊಂಡರು. ಫಲಕದ ನೀಲಿ ಭಾಗದಲ್ಲಿ ಬಾಗಿದ ಗೆರೆಗಳಿವೆ, ಹಗಲನ್ನು ಹನ್ನೆರಡು ಪಾಲು ಮಾಡುತ್ತವೆ, ಬೇಸಿಗೆಯಲ್ಲಿ ಪಾಲು ಉದ್ದ, ಚಳಿಗಾಲದಲ್ಲಿ ಗಿಡ್ಡ ಅಂತ ವಿವರಿಸಿದೆ. "ನಾವು ಹಗಲನ್ನ ಎಂಟು ಪಾಲು ಮಾಡಿ ರಾಹುಕಾಲ ಹಿಡೀತೀವಿ, ಅವರು ಹನ್ನೆರಡು ಮಾಡಿದ್ದಾರೆ. ಲೆಕ್ಕ ಒಂದೇ" ಎಂದರು.

ಅಲ್ಲಿಂದ ಚಾರ್ಲ್ಸ್ ಸೇತುವೆಗೆ ನಡೆದು ಹತ್ತು ನಿಮಿಷ. ಬೇಸಿಗೆಯಲ್ಲಿ ಈ ಸೇತುವೆಯನ್ನು ಖಾಲಿಯಾಗಿ ನೋಡಬೇಕಾದರೆ ನಾಲ್ಕಕ್ಕೇ ಏಳಬೇಕು. ನವೆಂಬರ್‌ನಲ್ಲಿ ಏಳು ಗಂಟೆಗೆ ಹೋದರೂ ಸಾಕು, ಚಳಿಗೆ ಹೋದವರಿಗೆ ಇದೊಂದು ಲಾಭ. 516 ಮೀಟರ್ ಉದ್ದ, ಎರಡೂ ಕಡೆ ಸೇರಿ 30 ಪ್ರತಿಮೆಗಳು. ರಾಜ ನಾಲ್ಕನೇ ಚಾರ್ಲ್ಸ್ 1357ರಲ್ಲಿ, 7ನೇ ತಿಂಗಳ 9ರಂದು, ಬೆಳಿಗ್ಗೆ 5 ಗಂಟೆ 31 ನಿಮಿಷಕ್ಕೆ ಅಡಿಗಲ್ಲು ಇಟ್ಟ ಎಂದು ಹೇಳುತ್ತಾರೆ. ಅವರ ಕ್ರಮದಲ್ಲಿ ಬರೆದರೆ 1-3-5-7-9-7-5-3-1. ಮುಹೂರ್ತ ಇಟ್ಟವರು ಯಾರೋ ಲೆಕ್ಕ ಪಕ್ಕಾ ಇದ್ದವರೇ ಇರಬೇಕು! ಗಾರೆಗೆ ಕಲೆಸಲು ಮೊಟ್ಟೆ ಕಳಿಸಿ ಎಂದು ಊರೂರಿಗೆ ಹೇಳಿ ಕಳಿಸಿದಾಗ, ದಾರಿಯಲ್ಲಿ ಒಡೆಯದಿರಲಿ ಅಂತ ವೆಲ್ವಾರಿ ಊರಿನವರು ಬೇಯಿಸಿ ಕಳಿಸಿದರಂತೆ. ಕಥೆಯೇ ಇರಬಹುದು, ಆದರೆ ಪ್ರತಿ ರಾಜ್ಯದಲ್ಲೂ ಇಂಥ ಒಂದು ಊರು ಇದ್ದೇ ಇರುತ್ತದೆ.

ನೆಪೊಮುಕ್‌ನ ಯೋಹಾನ್ ಎಂಬ ಪಾದ್ರಿಯ ಪ್ರತಿಮೆಯ ಹತ್ತಿರ ನಿಂತು ಚೀಲದಿಂದ ಅವಲಕ್ಕಿ ತೆಗೆದು ತಿಂದೆ. 1393ರಲ್ಲಿ ಅವನನ್ನು ಇದೇ ಸೇತುವೆಯಿಂದ ನದಿಗೆ ತಳ್ಳಿದರು. ಬುಡದ ಕಂಚಿನ ಫಲಕ ಕಪ್ಪಾಗಿದೆ, ಜನ ಮುಟ್ಟಿಮುಟ್ಟಿ ಹೋದ ಜಾಗ ಮಾತ್ರ ಹಿತ್ತಾಳೆ ದೀಪದ ಹಾಗೆ ಹೊಳೆಯುತ್ತದೆ. ನಾನೂ ಮುಟ್ಟಿದೆ. ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಕೋಟೆಗೆ ಹತ್ತುವುದು ಬೇಡ, ಇಳಿಯಿರಿ. ಇದು ನಾನು ಕೊಡುವ ಒಂದೇ ಖಡಕ್ ಸಲಹೆ. 22ನೇ ನಂಬರ್ ಟ್ರಾಮ್ ಹಿಡಿದು ಕೋಟೆಯ ಸ್ಟಾಪ್ ದಾಟಿ ಪೊಹೊರ್ಜೆಲೆಟ್ಸ್ ತನಕ ಹೋದರೆ, ಅಲ್ಲಿಂದ ಇಳಿಜಾರಿನಲ್ಲೇ ನಡೆದು ಕೋಟೆಯ ಮುಖ್ಯ ಬಾಗಿಲಿಗೆ ಬರಬಹುದು. ಪೇಪರ್ ಟಿಕೆಟ್ ಆದರೆ ಹತ್ತಿದ ಕೂಡಲೇ ಹಳದಿ ಡಬ್ಬಿಗೆ ತೂರಿಸಿ ಮುದ್ರೆ ಹೊಡೆಸಬೇಕು. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪದು.

ಒಳಗಿನ ಸೇಂಟ್ ವೀಟಸ್ ಚರ್ಚ್ ಶುರುವಾದದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಮನೆ ಕಟ್ಟೋಕೆ ಎರಡು ವರ್ಷ ಆಯಿತೆಂದು ಕಂಟ್ರಾಕ್ಟರನ್ನು ಬಯ್ಯುವವರು ಒಮ್ಮೆ ಇದನ್ನು ನೋಡಬೇಕು. ಎಡಗಡೆಯ ಮೂರನೇ ಕಿಟಕಿ ಚಿತ್ರಕಾರ ಅಲ್ಫೋನ್ಸ್ ಮುಖಾ ಅವರ ಬಣ್ಣದ ಗಾಜು. ದುಡ್ಡು ಕೊಟ್ಟದ್ದು ಒಂದು ವಿಮಾ ಬ್ಯಾಂಕು, ಅದರ ಹೆಸರು ಗಾಜಿನ ಕೆಳಗೇ ಇದೆ. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದ ಹಾಗೆ! ಹಳೇ ಅರಮನೆಯಲ್ಲಿ 1618ರ ಮೇ 23ರಂದು ಪ್ರಾಟೆಸ್ಟೆಂಟರು ಕ್ಯಾಥೊಲಿಕ್ ಅಧಿಕಾರಿಗಳನ್ನು ಹೊರಗೆಸೆದ ಕಿಟಕಿ ಇದೆ. ಇಬ್ಬರು ಅಧಿಕಾರಿಗಳು, ಜೊತೆಗೊಬ್ಬ ಕಾರ್ಯದರ್ಶಿ. ಮೂವರೂ ಬದುಕಿದರು. ದೇವದೂತರು ಹಿಡಿದರು ಎಂದರು ಕ್ಯಾಥೊಲಿಕ್ಕರು, ತಿಪ್ಪೆಯ ಮೇಲೆ ಬಿದ್ದರು ಎಂದರು ಪ್ರಾಟೆಸ್ಟೆಂಟರು. ಅಲ್ಲಿಂದ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ನಡೆಯಿತು. ಆ ಕಿಟಕಿಯಿಂದ ಬಗ್ಗಿ ನೋಡಿದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಕೆಳಗಿಳಿದು ಹಳೇ ಊರಿಗೆ ಬಂದ ಮೇಲೆ ನಾನು ಮಾಡಿದ ದಡ್ಡತನ ಹೇಳಲೇಬೇಕು. ಅಲ್ಲಿ ಯೂರೊ ಅಲ್ಲ, ಕೊರುನಾ. ಕಾರ್ಡ್ ಎಲ್ಲ ಕಡೆ ನಡೆಯುತ್ತದೆ, ಆದರೂ ಕೈಯಲ್ಲಿ ಚಿಲ್ಲರೆ ಇರಲಿ ಅಂತ ದಾರಿಯಲ್ಲಿ ಕಂಡ ಹಣ ಬದಲಾಯಿಸುವ ಅಂಗಡಿಯೊಂದಕ್ಕೆ 50 ಯೂರೊ ಕೊಟ್ಟೆ. ಕಮಿಷನ್ ಸೊನ್ನೆ ಎಂದು ದೊಡ್ಡದಾಗಿ ಬರೆದಿತ್ತು. ಊಟಕ್ಕೆ ಕೂತು ಎಣಿಸಿದರೆ 850 ಕೊರುನಾ. ಸಿಗಬೇಕಾಗಿದ್ದದ್ದು 1,200ರ ಮೇಲೆ! ಬೋರ್ಡಿನಲ್ಲಿ ಕಣ್ಣಿಗೆ ಹೊಡೆಯುವ ದರ ಅವರು ಯೂರೊ ಮಾರುವ ದರ, ನಮ್ಮಿಂದ ಕೊಳ್ಳುವ ದರ ಬೇರೆ.

ಅಳು ಬಂತು ಅಂದರೆ ತಪ್ಪಲ್ಲ. ಒಬ್ಬಳೇ ಇದ್ದಾಗ ಇಂಥದ್ದು ಎರಡರಷ್ಟು ಚುಚ್ಚುತ್ತದೆ. ಪಕ್ಕದ ಟೇಬಲ್ಲಿನ ಹುಡುಗಿ ನನ್ನ ರಸೀದಿ ನೋಡಿ, ಮೂರು ಗಂಟೆಯೊಳಗೆ ವಾಪಸ್ ಕೊಟ್ಟರೆ ಅವರು ತೆಗೆದುಕೊಳ್ಳಲೇಬೇಕು, 2019ರಿಂದ ಕಾನೂನೇ ಇದೆ ಎಂದಳು. ನಾನು ಆಗ ತಿನ್ನುತ್ತಿದ್ದದ್ದು ಸ್ಮಾಜೆನಿ ಸೀರ್. ಬಜ್ಜಿಯ ಹಾಗೆ ಕರಿದ ದಪ್ಪ ಚೀಸು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಸಸ್ಯಾಹಾರಿಗಳಿಗೆ ಎಲ್ಲ ಕಡೆ ಸಿಗುವ ಊಟ ಇದೊಂದೇ ಅನ್ನಬಹುದು, ಆದರೆ ಚೀಸಿನ ಮೇಲಿನ ಲೇಪದಲ್ಲೂ ಪಕ್ಕದಲ್ಲಿ ಇಡುವ ಬಿಳಿ ಸಾಸಿನಲ್ಲೂ ಮೊಟ್ಟೆ ಇರುತ್ತದೆ ಅನ್ನೋದು ನೆನಪಿರಲಿ. ಅದನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಕೌಂಟರಿನವನು ಮೊದಲು ತಲೆ ಅಲ್ಲಾಡಿಸಿದ. ರಸೀದಿಯ ಮೇಲಿನ ಸಮಯವನ್ನು ಬೆರಳಿಟ್ಟು ತೋರಿಸಿದೆ. ಮಾತಾಡದೆ 50 ಯೂರೊ ನೋಟು ಗಾಜಿನ ಕೆಳಗೆ ತಳ್ಳಿದ. ದುಡ್ಡು ಬಂತು, ಹಗಲಿನ ಮುಕ್ಕಾಲು ಗಂಟೆ ಹೋಯಿತು.

ಎರಡು ಗಂಟೆಗೆ ಮತ್ತೆ ಓರ್ಲೊಯ್ ಮುಂದೆ ಹಾದು ಹೋದೆ. ಚಿನ್ನದ ಕೈ 21 ದಾಟಿ 22ರ ಹತ್ತಿರಕ್ಕೆ ಬರುತ್ತಿತ್ತು. ಎರಡೂವರೆ ಗಂಟೆ ಉಳಿದಿಲ್ಲ. ಟೀನ್ ಚರ್ಚಿನಲ್ಲಿರುವ ಖಗೋಳ ವಿಜ್ಞಾನಿ ಟೈಕೊ ಬ್ರಾಹೆಯ ಸಮಾಧಿಯನ್ನು ಕೈಬಿಟ್ಟು ನೇರ ಯಹೂದಿ ಕೇರಿಗೆ ನಡೆದೆ.

ಅಲ್ಲಿನ ಪಿಂಕಾಸ್ ಸಿನಗಾಗ್‌, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಒಳಗೆ ಚಿತ್ರ ಇಲ್ಲ, ಮೂರ್ತಿ ಇಲ್ಲ. ಗೋಡೆ ತುಂಬ ಬರೀ ಹೆಸರು. ನಾಜಿಗಳು ಕೊಂದ ಬೊಹಿಮಿಯಾ ಮತ್ತು ಮೊರಾವಿಯಾದ ಸುಮಾರು 80 ಸಾವಿರ ಯಹೂದಿಗಳು. ಕೈಯಿಂದ ಬರೆದದ್ದು. ಮನೆತನದ ಹೆಸರು ಒಂದು ಬಣ್ಣದಲ್ಲಿ, ಆಮೇಲೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ, ಕೊನೆಯ ದಿನ. ದೂರದಿಂದ ಗೋಡೆಗೆ ಬೂದು ಬಣ್ಣ ಬಳಿದಂತೆ ಕಾಣುತ್ತದೆ, ಹತ್ತಿರ ಹೋದರೆ ಅಕ್ಷರ. ನಾನು ಒಂದು ಮನೆತನದ ಹೆಸರುಗಳನ್ನಷ್ಟೇ ಓದಿದೆ. ಹುಟ್ಟಿದ ಇಸವಿಗಳು ಬೇರೆಬೇರೆ, ಕೊನೆಯದು ಎಲ್ಲರಿಗೂ ಒಂದೇ ದಿನ. ಮುಂದೆ ಓದಲು ಆಗಲಿಲ್ಲ. ಹೊರಗಿನ ಹಳೇ ಸ್ಮಶಾನದಲ್ಲಿ ಜಾಗ ಸಾಲದೆ ಹೆಣದ ಮೇಲೆ ಮಣ್ಣು ಹಾಕಿ ಮತ್ತೆ ಹೂತಿದ್ದಾರೆ. ಹನ್ನೆರಡು ಸಾವಿರದಷ್ಟು ಕಲ್ಲುಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡಿವೆ.

ಆ ಕೇರಿಯ ಟೌನ್ ಹಾಲಿನ ಮೇಲೆ ಇನ್ನೊಂದು ಗಡಿಯಾರ ಇದೆ, ಹೀಬ್ರೂ ಅಕ್ಷರದ್ದು. ಹೀಬ್ರೂ ಬಲದಿಂದ ಎಡಕ್ಕೆ ಓದುವ ಭಾಷೆ, ಮುಳ್ಳೂ ಹಿಂದಕ್ಕೇ ತಿರುಗುತ್ತದೆ. ರಸ್ತೆಯಲ್ಲಿ ಸುಮ್ನೆ ನಡೆದು ಹೋಗುವವರು ತಲೆ ಎತ್ತುವುದೇ ಇಲ್ಲ.

ನಾಲ್ಕೂಕಾಲಿಗೆ ಮೂರನೇ ಸಲ ಓರ್ಲೊಯ್. ಸೂರ್ಯ ಬಲಗಡೆಯ 'ಒಕ್ಕಾಸುಸ್', ಅಂದರೆ ಅಸ್ತ ಎಂದು ಬರೆದಲ್ಲಿಗೆ ಬಂದಿದ್ದ, ಚಿನ್ನದ ಕೈ 24ರ ಅಂಚಿನಲ್ಲಿ. ನೋಡುತ್ತಾ ನೋಡುತ್ತಾ ಚೌಕದ ದೀಪ ಹತ್ತಿತು. ಬಿಸಿ ಆಲೂಗಡ್ಡೆ ಸೂಪ್ ಹಿಡಿದುಕೊಂಡು ಐದರವರೆಗೆ ಅಲ್ಲೇ ನಿಂತೆ. ಚೀಲ ಮುಂದಕ್ಕೆ ಹಾಕಿಕೊಂಡಿದ್ದೆ, ಎಲ್ಲರೂ ಮೇಲೆ ನೋಡುವಾಗಲೇ ಇಲ್ಲಿ ಜೇಬುಗಳ್ಳರಿಗೆ ಸುಗ್ಗಿ.

ಐದಕ್ಕೆ ಐದು ನಿಮಿಷ ಇದ್ದಾಗ ಅಪ್ಪನಿಗೆ ವಿಡಿಯೊ ಕಾಲ್. ಅಲ್ಲಿ ರಾತ್ರಿ ಒಂಬತ್ತೂವರೆ ಆಗುತ್ತಿತ್ತು. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಎಂದು ಕೇಳಿದರು. ವೃಶ್ಚಿಕ ಎಂದೆ.

"ಏನು? ಮೊನ್ನೆ ತಾನೆ ತಲಕಾವೇರಿಯಲ್ಲಿ ತುಲಾ ಸಂಕ್ರಮಣ ಆಗಿದೆ. ವೃಶ್ಚಿಕಕ್ಕೆ ಇನ್ನೂ ವಾರದ ಮೇಲಿದೆ. ಆರುನೂರು ವರ್ಷದಿಂದ ತಪ್ಪು ತೋರಿಸ್ತಾ ಇದೆಯಾ ಅದು?"

"ತಪ್ಪಲ್ಲಪ್ಪ. ಅವರು ವಸಂತದಲ್ಲಿ ಹಗಲು ರಾತ್ರಿ ಸಮ ಆಗೋ ದಿನದಿಂದ ಮೇಷ ಎಣಿಸ್ತಾರೆ, ನಾವು ನಕ್ಷತ್ರ ನೋಡಿ ಎಣಿಸ್ತೀವಿ. ಈಗ 24 ಡಿಗ್ರಿ ವ್ಯತ್ಯಾಸ."

"ಅಯನಾಂಶ ಅನ್ನು. ಇರು, ಪಂಚಾಂಗ ತರ್ತೀನಿ" ಎಂದು ಎದ್ದು ಹೋದರು.

ಅಷ್ಟರಲ್ಲಿ ಗಡಿಯಾರದ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆಯಿತು, ಕಿಟಕಿಗಳು ತೆರೆದವು, ಅಪೊಸ್ತಲರು ಒಬ್ಬೊಬ್ಬರಾಗಿ ಬಂದು ಹೋದರು, ಹುಂಜ ಕೂಗಿತು, ಜನ ಚಪ್ಪಾಳೆ ತಟ್ಟಿ ಚದುರಿದರು. ನನ್ನ ಫೋನಿನಲ್ಲಿ ನಮ್ಮ ಮನೆಯ ಖಾಲಿ ಕುರ್ಚಿ, ಒಳಗಿನಿಂದ ಅಮ್ಮನನ್ನು ಕನ್ನಡಕ ಎಲ್ಲಿ ಎಂದು ಕೇಳುತ್ತಿದ್ದ ಅಪ್ಪನ ದನಿ.