ಹಳೇ ಗರಗಸಕ್ಕೆ ದೊಡ್ಡ ಸಿಲಿಂಡರ್ ಹಾಕಿದ್ದು

"ಸಾಹುಕಾರ್ರೇ, ಇದು ಮರ ಕೊಯ್ತಾ ಇಲ್ಲ, ಮರಕ್ಕೆ ಗಾಳಿ ಹಾಕ್ತಾ ಇದೆ." ಮರಗಸಿ ಮಾಡಲು, ಅಂದರೆ ಕಾಫಿ ತೋಟದ ನೆರಳಿನ ಮರಗಳ ಕೊಂಬೆ ಕಡಿಯಲು ಬಂದ ಹುಡುಗ ಹೀಗೆ ಹೇಳಿ ನನ್ನ ಚೈನ್ ಗರಗಸದ ಮೆಷಿನ್ ಕೆಳಗಿಟ್ಟ. ಮೇ ತಿಂಗಳು. ಮಳೆ ಹಿಡಿಯುವುದರೊಳಗೆ ತೋಟದ ನೆರಳು ಬಿಡಿಸಬೇಕು. ಸೋಮವಾರಪೇಟೆ ಕಡೆ ಜೂನ್ ಬಂದರೆ ಮುಗಿಯಿತು, ಆಮೇಲೆ ಮರದ ಹತ್ತಿರ ಹೋಗುವಂತಿಲ್ಲ.

ಮೆಷಿನ್ ಸ್ಟಿಲ್ ಕಂಪನಿಯ ಎಂಎಸ್ 230, ಚೈನು ಓಡುವ ಬಾರ್ 16 ಇಂಚಿನದು. ಅದರ ತಪ್ಪೇನೂ ಇರಲಿಲ್ಲ, ತಪ್ಪು ನಂದೇ. ಶೆಡ್ಡಿನಲ್ಲಿ ಒಂದೇ ಥರದ ಎರಡು ಕ್ಯಾನ್ ಇಟ್ಟಿದ್ದೆ, ಒಂದರಲ್ಲಿ ಆಯಿಲ್ ಬೆರೆಸಿದ್ದು, ಇನ್ನೊಂದರಲ್ಲಿ ಬೈಕಿನ ಬರೀ ಪೆಟ್ರೋಲ್. ಈ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಆಯಿಲ್ಲೇ ಜಾರಿಕೆ, ಅದಿಲ್ಲದಿದ್ದರೆ ಪಿಸ್ಟನ್ ಉಜ್ಜಿ ಹಾಳಾಗುತ್ತದೆ. ಯಾವುದು ಹಾಕಿದೆ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಟ್ಯಾಂಕ್ ಮುಗಿದಿತ್ತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಿಡಿದರೆ ಪಿಸ್ಟನ್ ಮೇಲೆ ಉಗುರಲ್ಲಿ ಗೀರಿದ ಹಾಗೆ ಗೆರೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಗಾಳಿಯ ಒತ್ತಡ ನೋಡಿದೆ, 90 ಪಿಎಸ್‌ಐ, ತೀರಾ ಕಡಿಮೆ.

ಹೇಗೂ ಸಿಲಿಂಡರ್ ಬದಲಿಸಲೇಬೇಕು, ಹಾಗಿದ್ದರೆ ದೊಡ್ಡದನ್ನೇ ಯಾಕೆ ಹಾಕಬಾರದು? ಎಂಎಸ್ 230 ಮತ್ತು ಎಂಎಸ್ 250 ಒಂದೇ ಮನೆಯ ಅಣ್ಣತಮ್ಮ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಎರಡಕ್ಕೂ 32 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ) ಮಾತ್ರ 40ರ ಬದಲು 42.5. ಅಷ್ಟಕ್ಕೇ 40.2 ಸಿಸಿ ಇದ್ದದ್ದು 45.4 ಆಗುತ್ತದೆ. ಕಂಪನಿ ಸಿಲಿಂಡರಿನ ರೇಟ್ ಕೇಳಿ ಸುಮ್ನೆ ಬಂದೆ. ಬೇರೆಯವರು ಮಾಡಿದ ಕಿಟ್ ತರಿಸಿದೆ: ಸಿಲಿಂಡರ್, ಪಿಸ್ಟನ್, ರಿಂಗ್, ಪಿನ್, ಲಾಕ್.

ಕಿಟ್ ಬಂದ ದಿನವೇ ಜೋಡಿಸಲಿಲ್ಲ. ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಓಡಾಡುವ ತೂತಿಗೆ ಪೋರ್ಟ್ ಅಂತಾರೆ. ಅದರ ಅಂಚಿಗೆ ಬೆರಳಾಡಿಸಿದರೆ ಬ್ಲೇಡಿನ ಹಾಗೆ ಚೂಪು. ರಿಂಗ್ ಅಲ್ಲಿ ಸಿಕ್ಕಿಕೊಂಡರೆ ಎಲ್ಲ ಹೋಯಿತು. ಸಣ್ಣ ಎಮರಿ ಕಾಗದ ಸುತ್ತಿ ಆ ಅಂಚುಗಳನ್ನಷ್ಟೇ ಮೆತ್ತಗೆ ಉಜ್ಜಿದೆ. ಒಳಗೋಡೆಗೆ ಮುಟ್ಟಿಸಬಾರದು. ಅಲ್ಲಿ ಅಲ್ಯೂಮಿನಿಯಂ ಮೇಲೆ ಗಟ್ಟಿ ಲೇಪನ ಇರುತ್ತದೆ, ಅದು ಕಿತ್ತರೆ ಸಿಲಿಂಡರ್ ಗುಜರಿಗೆ. ಆಮೇಲೆ ಪೆಟ್ರೋಲಿನಲ್ಲಿ ಎರಡು ಸಲ ತೊಳೆದೆ.

ಬಿಚ್ಚುವಾಗ ಮೊದಲ ತಾಪತ್ರಯ ಕ್ಲಚ್. ಅದರದ್ದು ಎಡಗೈ ಥ್ರೆಡ್, ಗಡಿಯಾರ ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ಅಲ್ಲಾಡದಿರಲಿ ಅಂತ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿದೆ. ಪಿಸ್ಟನ್ ಮೇಲೆ ಬಂದು ಪೋರ್ಟ್ ಮುಚ್ಚಿದ ಮೇಲೆ ತುರುಕಿ, ಇಲ್ಲದಿದ್ದರೆ ಹಗ್ಗ ಪೋರ್ಟಿನಲ್ಲಿ ಸಿಕ್ಕಿ ತುಂಡಾಗುತ್ತದೆ.

ಇದರಲ್ಲಿ ಸಿಲಿಂಡರ್ ಒಂದನ್ನೇ ಎತ್ತಿ ತೆಗೆಯಲು ಬರುವುದಿಲ್ಲ, ಇಡೀ ಎಂಜಿನ್ ಹೊರಗೆ ತೆಗೆಯಬೇಕು. ಸಿಲಿಂಡರಿನ ಕೆಳಭಾಗವೇ ಕ್ರ್ಯಾಂಕ್‌ಕೇಸಿನ ಮೇಲರ್ಧ. ಅದರಡಿ ತಟ್ಟೆಯಂಥ ಒಂದು ಭಾಗ, ನಾಲ್ಕು ಸ್ಕ್ರೂ, ನಡುವೆ ಕ್ರ್ಯಾಂಕ್ ಮತ್ತು ಬೇರಿಂಗ್. ಮಧ್ಯೆ ಗ್ಯಾಸ್ಕೆಟ್ ಇಲ್ಲ, ಅಂಟೇ ಎಲ್ಲ. ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ಪಿನ್ನಿನ ಲಾಕ್ ಹಾಕುವಾಗ ಎಂಜಿನ್ನನ್ನೂ ಕೈಯನ್ನೂ ಒಂದು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡೆ. ಅದು ಚಿಮ್ಮಿದರೆ ಶೆಡ್ಡಿನ ಕಾಫಿ ಚೀಲಗಳ ಸಂದಿಯಲ್ಲಿ ಯಾರು ಹುಡುಕುತ್ತಾರೆ?

ಎಡವಿದ್ದು ಅಂಟಿನಲ್ಲಿ. ಮನೆಯಲ್ಲಿ ಕಿಟಕಿಗೆ ಹಚ್ಚಿ ಉಳಿದ ಸಿಲಿಕೋನ್ ಇತ್ತು, ಅದನ್ನೇ ಬಳಿದೆ. ಸ್ಟಾರ್ಟ್ ಆಯಿತು, ಖುಷಿಯಾಯಿತು. ಎರಡನೇ ದಿನ ಐಡಲ್‌ನಲ್ಲಿ ಇಟ್ಟರೆ ತಾನಾಗಿಯೇ ಕೂಗತೊಡಗಿತು. ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಗೊತ್ತಾಗಿ ತಕ್ಷಣ ಆಫ್ ಮಾಡಿದೆ. ಗಾಳಿ ಹೆಚ್ಚಾದರೆ ಪೆಟ್ರೋಲು, ಆಯಿಲ್ಲಿನ ಪಾಲು ಕಡಿಮೆಯಾಗುತ್ತದೆ. ಹಾಗೇ ಓಡಿಸಿದ್ದರೆ ಹೊಸ ಪಿಸ್ಟನ್ನಿಗೂ ಅದೇ ಗೀರು ಬೀಳುತ್ತಿತ್ತು.

ಎಲ್ಲಿ ಸೋರುತ್ತಿದೆ ಅಂತ ನೋಡಲು ಸೈಕಲ್ ಟ್ಯೂಬ್ ಕತ್ತರಿಸಿ ಸೈಲೆನ್ಸರ್ ಕಡೆ, ಕಾರ್ಬ್ಯುರೇಟರ್ ಕಡೆ ಎಲ್ಲ ದಾರಿ ಮುಚ್ಚಿದೆ. ಹಳೇ ಪ್ಲಗ್ಗಿನ ಒಳಗನ್ನು ಕೊರೆದು ಟ್ಯೂಬಿನ ವಾಲ್ವ್ ಕೂರಿಸಿ, ಪಿಸ್ಟನ್ ಕೆಳಗಿಳಿಸಿ, ಪಂಪಿನಿಂದ ನಿಧಾನ ಗಾಳಿ ಕೊಟ್ಟೆ. ಜೋರಾಗಿ ಹೊಡೆದರೆ ಆಯಿಲ್ ಸೀಲ್ ಎದ್ದು ಬರುತ್ತದೆ. ಸೋಪಿನ ನೀರು ಹಚ್ಚಿದರೆ ಕ್ಲಚ್ ಕಡೆಯ ಸೇರುವ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಒಂದರ ಹಿಂದೆ ಒಂದು. ಬಿಚ್ಚಿ ನೋಡಿದರೆ ಸಿಲಿಕೋನ್ ಪೆಟ್ರೋಲ್ ಕುಡಿದು ರಾಗಿ ಅಂಬಲಿಯ ಹಾಗೆ ಆಗಿತ್ತು. ಎಲ್ಲ ಕೆರೆದು, ಪೆಟ್ರೋಲಿಗೆ ತಡೆಯುವ ಎಂಜಿನ್ ಸೀಲಂಟ್ ತಂದು ತೆಳ್ಳಗೆ ಹಚ್ಚಿದೆ. ಜಾಸ್ತಿ ಹಚ್ಚಿದರೆ ಬೇರಿಂಗಿಗೆ ಹೋಗುತ್ತದೆ. ಒಂದು ರಾತ್ರಿ ಬಿಟ್ಟೆ. ಈ ಸಲ ಗುಳ್ಳೆ ಇಲ್ಲ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ಲಿಗೂ ಫ್ಲೈವೀಲಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಅಂತರ ಸರಿಮಾಡಿದೆ.

ದೊಡ್ಡ ಸಿಲಿಂಡರಿಗೆ ಪೆಟ್ರೋಲೂ ಜಾಸ್ತಿ ಬೇಕು, ಅಲ್ವಾ? ಎಷ್ಟೋ ಜನ ಹಳೇ ಸೆಟ್ಟಿಂಗ್‌ನಲ್ಲೇ ಬಿಟ್ಟು ಮತ್ತೆ ಸುಟ್ಟುಕೊಳ್ಳುತ್ತಾರೆ. ಜೋರು ವೇಗದಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ನಿರ್ಧರಿಸುವ ಕಾರ್ಬ್ಯುರೇಟರಿನ ಎಚ್ ಸ್ಕ್ರೂ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬಂದೆ. ಖಾಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಗೊರಗೊರ ಅನ್ನಬೇಕು, ಚೈನು ಮರಕ್ಕೆ ಕೂತ ಕೂಡಲೇ ಸ್ವರ ಶುದ್ಧವಾಗಬೇಕು. ಅಲ್ಲಿಗೆ ನಿಲ್ಲಿಸಿದೆ. ಮೊದಲ ನಾಲ್ಕು ಟ್ಯಾಂಕ್ ಸಣ್ಣ ಸೌದೆಗೆ ಮಾತ್ರ ಹಿಡಿದೆ. ಲೀಟರಿಗೆ 20 ಮಿ.ಲೀ. ಆಯಿಲ್, ಅದೂ ಒಳ್ಳೆಯದು.

ಈಗ ಕಂಪ್ರೆಷನ್ 150. ಹಗ್ಗ ಎಳೆಯುವಾಗಲೇ ತೋಳಿಗೆ ಗೊತ್ತಾಗುತ್ತದೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನನಗೆ ಸಿಕ್ಕ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸ ರಿಂಗಿನದ್ದು, ಐದು ಸಿಸಿಯದ್ದಲ್ಲ. ಹಳೇ ಸೈಜಿನ ಹೊಸ ಸಿಲಿಂಡರ್ ಹಾಕಿದ್ದರೂ "ಅಬ್ಬಾ" ಅನ್ನುತ್ತಿದ್ದೆ. ಚೆನ್ನಾಗಿರುವ ಎಂಜಿನ್ ಬಿಚ್ಚಿ ದೊಡ್ಡದು ಹಾಕುವ ಕೆಲಸಕ್ಕೆ ನಾನಂತೂ ಹೋಗುವುದಿಲ್ಲ.

ಜುಲೈನಲ್ಲಿ ಗಾಳಿಮಳೆಗೆ ಸಿಲ್ವರ್ ಓಕ್ ಒಂದು ತೋಟದ ದಾರಿಗೆ ಅಡ್ಡ ಬಿತ್ತು, ಮೈತುಂಬ ಮೆಣಸಿನ ಬಳ್ಳಿ ಸಮೇತ. ಅದೇ ಹುಡುಗ ಬಂದು ತುಂಡು ಮಾಡಿದ. ಮೆಷಿನ್ ಬಗ್ಗೆ ಏನೂ ಹೇಳಲಿಲ್ಲ. ಆಯಿಲ್ ಬೆರೆಸಿದ ಕ್ಯಾನಿಗೆ ನಾನು ಬಳಿದ ಕೆಂಪು ಪೇಂಟ್ ನೋಡಿ ಮಾತ್ರ ನಕ್ಕ.