ಕೆಂಪುಮಣ್ಣಿನ ಇಳಿಜಾರಿನಲ್ಲಿ ಲಾವಂಚ

ಲಾವಂಚವನ್ನು ಮುಂಗಾರಿನ ಮೊದಲ ಮಳೆಗೇ ನೆಡಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಚಿತ್ರದುರ್ಗದ ಮಟ್ಟಿಗೆ ನಾನು ಈ ಸಲಹೆಯನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಗಾಳಿಯೇ ಹೆಚ್ಚು. ನಂಬಬಹುದಾದ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದ್ದರಿಂದ ಮಘೆ ಮಳೆಗೆ ಮಣ್ಣು ಹದವಾದ ಮೇಲೆ ನಾಟಿ ಮಾಡಿದೆ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ತೇವದಲ್ಲಿಯೇ ಸಸಿಗಳು ಬೇರೂರಿದವು.

ಮನೆಯ ಹಿಂದಿನ ಜಾಗವು ಗರಸು ಬೆರೆತ ಕೆಂಪುಮಣ್ಣಿನ ಇಳಿಜಾರು. ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತಿದ್ದುದರಿಂದ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ನೀರಿನ ಟ್ಯೂಬನ್ನೇ ತಂದು, ಇಳಿಜಾರಿಗೆ ಅಡ್ಡಲಾಗಿ ಸಮಪಾತಳಿಯ ಗೆರೆ ಎಳೆದು, ಅದರ ಮೇಲೆ ಸಾಲು ಮಾಡಿದೆ. ಹಳೆಯ ಬುಡವನ್ನು ಗುದ್ದಲಿಯಿಂದ ಅಗೆದು, ಎರಡು ಮೂರು ತೆಂಡೆಗಳಿರುವಂತೆ (ತೆಂಡೆ ಎಂದರೆ ಬುಡದಿಂದ ಒಡೆಯುವ ಮರಿ) ಸೀಳಿ, ಗರಿಗಳನ್ನು ಒಂದು ಗೇಣಿಗೆ, ಬೇರನ್ನು ಅದಕ್ಕಿಂತಲೂ ಗಿಡ್ಡಕ್ಕೆ ಕತ್ತರಿಸಿ, 15 ಸೆಂಟಿಮೀಟರ್‌ಗೊಂದರಂತೆ ನೆಟ್ಟೆ. ಅಂತರ ಹೆಚ್ಚಿದರೆ ಸಂದುಗಳಲ್ಲಿ ನೀರು ನುಗ್ಗಿ ಮಣ್ಣನ್ನು ಕೊರೆಯುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಗಡಿಗೆ ಲಾವಂಚದ ಸಾಲು ಬೆಳೆಸುತ್ತ ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದೇ ಹುಲ್ಲನ್ನು ಬೇರೆ ದೇಶಗಳಿಗೂ ಶಿಫಾರಸು ಮಾಡಿದರು.

ಇದು ಬರ ತಾಳುವುದು ಬೇರಿನ ಬಲದಿಂದ. ಆ ಬೇರು ಅಕ್ಕಪಕ್ಕ ಹರಡದೆ ನೇರವಾಗಿ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ. ಎಳೆಯ ಸಸಿಗೆ ಆ ಆಳವಿರುವುದಿಲ್ಲವಾದ್ದರಿಂದ, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಕೊಟ್ಟೆ. ಎರಡನೆಯ ಬೇಸಿಗೆಯಿಂದ ಕೊಟ್ಟಿಲ್ಲ. ನಮ್ಮ ಕಡೆ ಬೆಳೆಸುವ ತಳಿ ಬೀಜದಿಂದ ಹಬ್ಬುವುದಿಲ್ಲ. ನೆಟ್ಟ ಜಾಗದಲ್ಲಿಯೇ ಬುಡ ದಪ್ಪವಾಗುತ್ತದೆ. ಪಕ್ಕದ ಕಣಗಿಲೆಗೂ ಸೀತಾಫಲಕ್ಕೂ ಇದರಿಂದ ತೊಂದರೆಯಾಗಿಲ್ಲ. ಆದರೆ ನೆರಳನ್ನು ಇದು ಸಹಿಸದು: ಹೊಂಗೆಯ ಕೆಳಗೆ ಹೋದ ಸಾಲಿನ ತುದಿ ಇಂದಿಗೂ ತೆಳ್ಳಗೇ ಇದೆ, ಬಿಸಿಲಿನಲ್ಲಿರುವ ಭಾಗವೋ ಕೈ ತೂರದಷ್ಟು ಒತ್ತಾಗಿದೆ.

ಆರೈಕೆಯೆಂದರೆ ಮುಖ್ಯವಾಗಿ ಸವರುವುದು. ಸವರದೆ ಬಿಟ್ಟ ಬುಡದ ನಡುವೆ ಒಣಗರಿ ತುಂಬಿ, ಬೇಸಿಗೆಯಲ್ಲಿ ಗೆದ್ದಲು ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ಕುಡುಗೋಲಿನಿಂದ ಮೊಣಕಾಲೆತ್ತರಕ್ಕೆ ಕೊಯ್ದರೆ ಹೊಸ ತೆಂಡೆಗಳು ಒಡೆಯುತ್ತವೆ. ಗರಿಯ ಅಂಚು ಹರಿತವಾಗಿರುವುದರಿಂದ ತುಂಬುತೋಳಿನ ಅಂಗಿ ಹಾಕಿಕೊಂಡೇ ಕೈಹಾಕಬೇಕು. ಕೊಯ್ದ ಗರಿಯನ್ನು ಸೀತಾಫಲದ ಬುಡಕ್ಕೆ ಹೊದಿಸುತ್ತೇನೆ; ಬಲಿತ ಗರಿಯನ್ನು ದನಗಳು ಅಷ್ಟಾಗಿ ಮೂಸುವುದಿಲ್ಲವಾದರೂ ಎಳೆ ಚಿಗುರನ್ನು ಮೇಕೆಗಳು ಬಿಡುವುದಿಲ್ಲ, ಆದ್ದರಿಂದ ಮೊದಲ ವರ್ಷ ಬೇಲಿ ಅನಿವಾರ್ಯ. ಪರಿಮಳದ ಬೇರಿಗಾಗಿ ಬೆಳೆಯುವವರು ಒಂದೂವರೆ ವರ್ಷದ ಹೊತ್ತಿಗೆ ಅಗೆದು ತೆಗೆಯುತ್ತಾರೆ. ಇಳಿಜಾರಿನ ಸಾಲಿನಲ್ಲಿ ಹಾಗೆ ಮಾಡಿದರೆ ಹಿಡಿದಿಟ್ಟ ಮಣ್ಣೇ ಸಡಿಲವಾಗುವುದರಿಂದ, ಬೇರು ಬೇಕೆನ್ನುವವರು ಸಮತಟ್ಟಾದ ಬೇರೆ ಪಾತಿಯಲ್ಲಿ ನಾಲ್ಕು ಬುಡ ಪ್ರತ್ಯೇಕವಾಗಿ ಬೆಳೆಸಿಕೊಳ್ಳುವುದು ಒಳ್ಳೆಯದು.