ಖಜಾಂಚಿಯ ಚೀಟಿಗಳಿಗೆ ಟೌನ್ ಮೀಟಿಂಗ್ ಹಣ ಕೊಟ್ಟಿತು: ನನ್ನ ಅನುಭವ

ಮ್ಯಾಸಚೂಸೆಟ್ಸ್‌ನ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿರುವ ನಮ್ಮ ಊರಿನ ಹಳೆಯ ಖಜಾಂಚಿ ಚೀಟಿಗಳನ್ನು ಸಂರಕ್ಷಿಸಿ ಎಲ್ಲರೂ ಓದುವಂತೆ ಮಾಡಲು ಈಚಿನ ವಾರ್ಷಿಕ ಟೌನ್ ಮೀಟಿಂಗ್, ಅಂದರೆ ಊರಿನ ಮತದಾರರೇ ಸೇರಿ ಖರ್ಚುಗಳಿಗೆ ಮತ ಹಾಕುವ ಸಭೆ, ಸುಮಾರು 28,000 ಡಾಲರ್ ಮಂಜೂರು ಮಾಡಿತು. ಇದು ಆಗುವ ಕೆಲಸವಲ್ಲ ಎಂದವರು ಊರಿನ ಹಿರಿಯರಲ್ಲೂ ಇದ್ದರು, ನಮ್ಮ ಕನ್ನಡ ಕೂಟದ ಗೆಳೆಯರಲ್ಲೂ ಇದ್ದರು. ಕಟ್ಟಡಕ್ಕೆ, ಸ್ಮಶಾನಕ್ಕೆ ಹಣ ಹುಟ್ಟುತ್ತದೆಯೇ ಹೊರತು ಕಾಗದದ ತುಣುಕುಗಳಿಗೆ ಹುಟ್ಟುವುದಿಲ್ಲ ಎಂದು ಹಿರಿಯರು ಹೇಳಿದರು. ಹೊರಗಿನಿಂದ ಬಂದವನೊಬ್ಬ ಇಷ್ಟು ಹಳೆಯ ಊರಿಗೆ ಅದರದೇ ಇತಿಹಾಸವನ್ನು ತೋರಿಸಲು ಹೋದರೆ ಯಾರು ಕೇಳುತ್ತಾರೆ ಎಂದು ಗೆಳೆಯರು ಕೇಳಿದರು. ಎರಡು ಮಾತೂ ನಿಲ್ಲಲಿಲ್ಲ. ತಮ್ಮ ತಮ್ಮ ಊರಿನ ಇತಿಹಾಸ ನೋಡಿಕೊಳ್ಳುವ ಹಿಸ್ಟಾರಿಕಲ್ ಕಮಿಷನ್ನಿನಲ್ಲೋ, ಕಮ್ಯುನಿಟಿ ಪ್ರಿಸರ್ವೇಶನ್ ಕಾಯ್ದೆಯ (ಸಿಪಿಎ) ಹಣ ಯಾವುದಕ್ಕೆ ಹೋಗಬೇಕೆಂದು ಶಿಫಾರಸು ಮಾಡುವ ಸಿಪಿಎ ಸಮಿತಿಯಲ್ಲೋ ಕೂತು ಇಂಥದೇ ಕೆಲಸಕ್ಕೆ ಕೈಹಾಕಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಟೌನ್ ಮೀಟಿಂಗಿನ ಮುಂದೆ ಮತಕ್ಕೆ ಬರುವ ಒಂದೊಂದು ವಿಷಯ ಆರ್ಟಿಕಲ್, ಸಭೆ ನಡೆಸುವವರು ಮಾಡರೇಟರ್.

ಚೀಟಿಗಳೆಂದರೆ, ಇಂಥವರಿಗೆ ಇಂಥ ಕೆಲಸಕ್ಕಾಗಿ ಇಷ್ಟು ಹಣ ಕೊಡಿ ಎಂದು ಊರಿನ ಆಡಳಿತ ನಡೆಸುತ್ತಿದ್ದ ಚುನಾಯಿತ ಸೆಲೆಕ್ಟ್‌ಮನ್‌ಗಳು ಖಜಾಂಚಿಗೆ ಬರೆದುಕೊಟ್ಟ ಆದೇಶಗಳು. ನಮ್ಮಲ್ಲಿ 1740ರ ದಶಕದಿಂದ 1830ರ ದಶಕದವರೆಗಿನವು, ವರ್ಷಕ್ಕೊಂದು ಕಟ್ಟಿನಂತೆ ದಾರ ಸುತ್ತಿ, ಟೌನ್ ಹಾಲಿನ ನೆಲಮಾಳಿಗೆಯ ಕಬ್ಬಿಣದ ಕೋಣೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾದ ನಮ್ಮ ಊರಿನ ಇತಿಹಾಸದಲ್ಲಿ ಪಾದ್ರಿಗಳು, ಕ್ಯಾಪ್ಟನ್ನರು, ಡೀಕನ್ನರು ತುಂಬಿದ್ದಾರೆ. ಚೀಟಿಗಳಲ್ಲಿರುವವರು ಬೇರೆ: ಬೇಸಿಗೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ ವಿಧವೆ, ಸೇತುವೆಗೆ ಹಲಗೆ ಹೊಡೆದವನು, ಕಾಗೆ ಕೊಂದು ಬಹುಮಾನ ಪಡೆದ ಹುಡುಗ, ಗತಿಯಿಲ್ಲದ ಮುದುಕಿಗೆ ಶವಪೆಟ್ಟಿಗೆ ಮಾಡಿಕೊಟ್ಟ ಬಡಗಿ. ಅನಾಥರನ್ನೂ ಮುದುಕರನ್ನೂ ಯಾರು ಅತಿ ಕಡಿಮೆ ಹಣಕ್ಕೆ ಸಾಕಲು ಒಪ್ಪುತ್ತಾರೋ ಅವರಿಗೆ ಹರಾಜಿನಲ್ಲಿ ಒಪ್ಪಿಸುವ ಪದ್ಧತಿ ನ್ಯೂ ಇಂಗ್ಲೆಂಡಿನ ಅನೇಕ ಊರುಗಳಲ್ಲಿತ್ತು. ಹಾಗೆ ಒಪ್ಪಿಸಲ್ಪಟ್ಟ ಒಬ್ಬ ಹೆಂಗಸು ವರ್ಷವರ್ಷವೂ ಬೇರೆ ಬೇರೆ ಮನೆಗೆ ಹೋದದ್ದನ್ನು ಚೀಟಿಗಳಿಂದ ಜೋಡಿಸಬಹುದು. ಆಕೆಯ ಹೆಸರು ನಮ್ಮ ಊರಿನ ಯಾವ ಕಲ್ಲಿನ ಮೇಲೂ ಇಲ್ಲ.

ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿದವು ಎರಡು ಬಗೆಯ ಚೀಟಿಗಳು. ಹೊಸದಾಗಿ ಬಂದವರು ಮುಂದೆ ಊರಿನ ಖರ್ಚಿಗೆ ಬೀಳಬಹುದೆಂಬ ಭಯದಿಂದ ಕಾನ್‌ಸ್ಟೆಬಲ್ ಅವರ ಮನೆಬಾಗಿಲಿಗೆ ಹೋಗಿ ಊರು ಬಿಡಬೇಕೆಂದು ಎಚ್ಚರಿಕೆ ಕೊಡುತ್ತಿದ್ದ, ಆ ಕೆಲಸಕ್ಕೆ ಅವನಿಗೆ ಕೂಲಿ ಸಿಗುತ್ತಿತ್ತು. ಎಚ್ಚರಿಕೆ ಪಡೆದವರಲ್ಲಿ ಬಹಳಷ್ಟು ಜನ ಹೋಗಲೇ ಇಲ್ಲ. ಅವರನ್ನು ಸಾಕುವ ಹೊಣೆ ಊರಿನ ಮೇಲೆ ಬೀಳದಂತೆ ಕಾನೂನಿನ ದಾಖಲೆ ಆಗಬೇಕಿತ್ತು, ಅಷ್ಟೆ. ಹೀಗೆ ಓಡಿಸಲು ಬರೆದ ಕಾಗದವೇ ಇವತ್ತು ಆ ಬಡವರು ಎಲ್ಲಿಂದ ಬಂದರು, ಜೊತೆಗೆ ಎಷ್ಟು ಮಕ್ಕಳಿದ್ದರು ಎಂದು ಹೇಳುವ ಏಕೈಕ ಸಾಕ್ಷಿಯಾಗಿ ಉಳಿದಿದೆ. ಇನ್ನೊಂದು ಬಗೆ ಅಕೇಡಿಯನ್ನರದು. 1755ರಲ್ಲಿ ಬ್ರಿಟಿಷರು ನೋವಾ ಸ್ಕೋಷಿಯಾದಿಂದ ಹೊರದೂಡಿದ ಈ ಫ್ರೆಂಚ್ ಕುಟುಂಬಗಳನ್ನು ಮ್ಯಾಸಚೂಸೆಟ್ಸ್ ಸರ್ಕಾರ ಊರೂರಿಗೆ ಹಂಚಿತು. ಅವರಿಗೆ ಕೊಟ್ಟ ಸೌದೆ, ಜೋಳ, ಹಾಲಿನ ಲೆಕ್ಕವನ್ನು ಸೆಲೆಕ್ಟ್‌ಮನ್‌ಗಳು ಪ್ರಾಂತ್ಯದಿಂದ ವಸೂಲು ಮಾಡಬೇಕಾಗಿದ್ದರಿಂದ ಒಂದೊಂದು ಕೊರಡಿಗೂ ಲೆಕ್ಕ ಬರೆದಿದ್ದಾರೆ. ಊರಿನ ಸಾಮಾನ್ಯ ಜನರ ಬದುಕು ತಿಳಿಯಬೇಕಾದರೆ ಲೆಕ್ಕಪತ್ರವನ್ನೇ ಓದಬೇಕೆಂಬ ನನ್ನ ನಂಬಿಕೆ ಗಟ್ಟಿಯಾದದ್ದು ಇವುಗಳಿಂದ.

ಹಣದ ಕಥೆಗೆ ಬರುತ್ತೇನೆ. ಆಸ್ತಿ ತೆರಿಗೆಯ ಮೇಲೆ ಸರ್‌ಚಾರ್ಜು ಹಾಕಿ ಐತಿಹಾಸಿಕ ಸಂರಕ್ಷಣೆಯಂಥ ಕೆಲಸಗಳಿಗೆ ನಿಧಿ ಕೂಡಿಸಲು ಊರುಗಳಿಗೆ ಅವಕಾಶ ಕೊಡುವ 2000ದ ಕಮ್ಯುನಿಟಿ ಪ್ರಿಸರ್ವೇಶನ್ ಕಾಯ್ದೆಯನ್ನು ನಮ್ಮ ಊರು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಆ ಸರ್‌ಚಾರ್ಜು ಕಾಯ್ದೆಯಲ್ಲಿ 3 ಪ್ರತಿಶತದವರೆಗೆ ಇರಬಹುದು, ನಮ್ಮದು ಅದರ ಅರ್ಧ. ಆಸ್ತಿಪತ್ರ ನೋಂದಾಯಿಸುವ ಕಚೇರಿಯಾದ ರಿಜಿಸ್ಟ್ರಿ ಆಫ್ ಡೀಡ್ಸ್‌ನ ಶುಲ್ಕದಿಂದ ಬರುವ ರಾಜ್ಯದ ಪಾಲು 2019ರ ಕೊನೆಯಲ್ಲಿ ಶುಲ್ಕ ಏರಿದ ಮೇಲೆ ಚೇತರಿಸಿಕೊಂಡಿತ್ತು, ಹೀಗಾಗಿ ನಿಧಿಯಲ್ಲಿ ಹಣಕ್ಕೆ ಕೊರತೆಯಿರಲಿಲ್ಲ. ಮೊದಲ ವರ್ಷ ನಾವು ಕೇಳಿದ್ದು ಸುಮಾರು 64,000. ಚೀಟಿ ಬಿಡಿಸಿ ಸಮಗೊಳಿಸುವುದು, ಸ್ಕ್ಯಾನ್ ಮಾಡುವುದು, ಲೆಕ್ಕದ ನಾಲ್ಕೈದು ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಸುವುದು, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದ್ದೆವು. ಕಾಗದ ರಿಪೇರಿ ಎಂದರೆ ನಿರ್ವಹಣೆ, ನಿರ್ವಹಣೆಗೆ ಈ ಹಣ ಬಳಸುವಂತಿಲ್ಲ ಎಂದು ಸಮಿತಿಯ ಒಬ್ಬ ಸದಸ್ಯರು ಪಟ್ಟು ಹಿಡಿದರು ಮತ್ತು ಅರ್ಜಿ ಅಲ್ಲಿಯೇ ಸತ್ತಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ಕಟ್ಟಡದ ಜೊತೆಗೆ ದಾಖಲೆ ಮತ್ತು ವಸ್ತುಗಳ ಹೆಸರೂ ಸ್ಪಷ್ಟವಾಗಿದೆ, ಊರಿನ ಹಿಸ್ಟಾರಿಕಲ್ ಕಮಿಷನ್ ಅವು ಊರಿನ ಇತಿಹಾಸಕ್ಕೆ ಮಹತ್ವದವು ಎಂದು ನಿರ್ಣಯಿಸಿದರೆ ಸಾಕು. ಮುಂದಿನ ವರ್ಷ ಆ ನಿರ್ಣಯವನ್ನೂ ಊರಿನ ವಕೀಲರ ಅಭಿಪ್ರಾಯವನ್ನೂ ಅರ್ಜಿಯ ಮೊದಲ ಪುಟಕ್ಕೇ ಲಗತ್ತಿಸಿದ್ದರಿಂದ ಆ ವಾದ ಮತ್ತೆ ಏಳಲಿಲ್ಲ. ನೀವೂ ಇದನ್ನು ಬರವಣಿಗೆಯಲ್ಲಿ ಪಡೆದೇ ಮುಂದುವರಿಯಿರಿ.

ಎರಡನೆಯ ವರ್ಷ ಸಿಪಿಎ ಸಮಿತಿ ಶಿಫಾರಸು ಮಾಡಿತು, ಊರಿನ ಖರ್ಚುಗಳ ಬಗ್ಗೆ ಟೌನ್ ಮೀಟಿಂಗಿಗೆ ಸಲಹೆ ಕೊಡುವ ಫಿನ್ಯಾನ್ಸ್ ಕಮಿಟಿ ಮಾಡಲಿಲ್ಲ. ಈ ದಾಖಲೆಗಳೆಲ್ಲ ವಂಶಾವಳಿ ಹುಡುಕುವ ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ಸಿಗುತ್ತವೆಯಲ್ಲ ಎಂಬುದು ಅವರ ಪ್ರಶ್ನೆ. ಅಲ್ಲಿರುವುದು ಊರಿನ ದಾಖಲೆ ಇಡುವ ಟೌನ್ ಕ್ಲರ್ಕ್‌ನ ಪುಸ್ತಕಗಳ ಹಳೆಯ ಮೈಕ್ರೋಫಿಲ್ಮ್. ನಮ್ಮ ಬಿಡಿ ಚೀಟಿಗಳನ್ನು ಯಾರೂ ಎಂದೂ ಚಿತ್ರೀಕರಿಸಿರಲಿಲ್ಲ. ಇದನ್ನು ಸಭೆಯಲ್ಲಿ ವಿವರಿಸುವ ಹೊತ್ತಿಗೆ ರಾತ್ರಿ ಹತ್ತೂವರೆ ದಾಟಿತ್ತು, ಶಾಲೆಯ ಬಜೆಟ್ ಮುಗಿಯುತ್ತಲೇ ಅರ್ಧ ಸಭಾಂಗಣ ಖಾಲಿಯಾಗಿತ್ತು, ಆರ್ಟಿಕಲ್ ಅನಿರ್ದಿಷ್ಟ ಕಾಲಕ್ಕೆ ಮುಂದೂಡಲ್ಪಟ್ಟಿತು. ನಾನು ಆಗ ಗ್ರೀನ್ ಕಾರ್ಡ್‌ನಲ್ಲಿದ್ದೆ. ಮತದಾರರಲ್ಲದವರಿಗೆ ಮೀಸಲಾದ ಸಾಲಿನಲ್ಲಿ ಕೂತು, ಮಾಡರೇಟರ್ ಅನುಮತಿ ಕೊಟ್ಟಾಗ ಮಾತಾಡಬಹುದಿತ್ತು, ಕೈಯೆತ್ತುವಂತಿರಲಿಲ್ಲ. ಪೌರತ್ವದ ಅರ್ಜಿಗೆ ಆಗ 725 ಡಾಲರ್ ಶುಲ್ಕ ಕಟ್ಟಿದೆ. ಮುಂದಿನ ಸಲ ಆರ್ಟಿಕಲ್ ಬಂದಾಗ ನನ್ನದೂ ಒಂದು ಮತವಿತ್ತು, ಆ ಹಣ ಖರ್ಚು ಮಾಡಿದ್ದಕ್ಕೆ ನನಗೆ ಹೆಮ್ಮೆಯಿದೆ.

ಅದೇ ವರ್ಷ ಇನ್ನೊಂದು ಪೆಟ್ಟು ಬಿತ್ತು. ಮಾದರಿಗೆಂದು ಒಂದು ಪೆಟ್ಟಿಗೆ ಚೀಟಿಗಳನ್ನು ಪಡೆದ ಸ್ಕ್ಯಾನಿಂಗ್ ಕಂಪನಿಯೊಂದು ವರ್ಷವಾರು ಕಟ್ಟುಗಳ ದಾರ ಬಿಚ್ಚಿ, ಎಲ್ಲವನ್ನೂ ಅಳತೆಯ ಪ್ರಕಾರ ಬೆರೆಸಿ ಹಿಂದಿರುಗಿಸಿತು. ತಾರೀಖಿಲ್ಲದ ಚೀಟಿಗಳಿಗೆ ಅವು ಯಾವ ಕಟ್ಟಿನಲ್ಲಿದ್ದವೆಂಬುದೇ ತಾರೀಖು. ಸೆಲೆಕ್ಟ್‌ಮನ್‌ಗಳ ಸಹಿಗಳಿಂದ, ಯಾವ ವರ್ಷ ಯಾರು ಆ ಹುದ್ದೆಯಲ್ಲಿದ್ದರು ಎಂಬ ಪಟ್ಟಿಯಿಂದ ಅವುಗಳನ್ನು ಮತ್ತೆ ಹೊಂದಿಸಲು ನನಗೂ ಟೌನ್ ಕ್ಲರ್ಕ್ ಕಚೇರಿಯ ಸ್ವಯಂಸೇವಕಿಯೊಬ್ಬರಿಗೂ ಇಡೀ ಚಳಿಗಾಲ ಹಿಡಿಯಿತು. ಈಗ ಯಾವ ಕಂಪನಿ ಬಂದರೂ, ಕಟ್ಟನ್ನು ನಾವೇ ಬಿಚ್ಚಿ, ಪ್ರತಿ ಚೀಟಿಯ ಹಿಂದೆ ಮೆದು ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದ ಮೇಲೆಯೇ ಕೊಡುತ್ತೇವೆ.

ಗೆದ್ದುಕೊಟ್ಟದ್ದು ಮನೆಗೊಂದು ಕಾರ್ಡ್. ಪರಂಪರೆ, ಸಂರಕ್ಷಣೆ ಎಂಬ ಮಾತುಗಳನ್ನು ಬಿಟ್ಟು, ಊರಿನ ಹಳೆಯ ಐದಾರು ರಸ್ತೆಗಳ ಪ್ರತಿ ಮನೆಯ ಜಾಗದಲ್ಲಿ 1790ರ ಆಸುಪಾಸಿಗೆ ಯಾರಿದ್ದರು, ಊರು ಅವರಿಗೆ ಯಾವುದಕ್ಕೆ ಹಣ ಕೊಟ್ಟಿತು ಅಥವಾ ಅವರಿಂದ ಎಷ್ಟು ಕಂದಾಯ ಪಡೆಯಿತು ಎಂದು ಒಂದು ಅಂಚೆಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಜೊತೆಗೆ ಆ ಚೀಟಿಯ ಚಿತ್ರವನ್ನೂ ಹಾಕಿ ಆ ಮನೆಗೇ ಕೊಟ್ಟೆ. ಒಟ್ಟು ಮುನ್ನೂರರ ಹತ್ತಿರ ಕಾರ್ಡುಗಳಾದವು. ಅಚ್ಚಿಗೆ ಒಂದಕ್ಕೆ 60 ಸೆಂಟಿನಷ್ಟು; ಡೀಡುಗಳ (ಆಸ್ತಿಪತ್ರಗಳ) ಪ್ರತಿ, ಪ್ರಯಾಣ ಎಲ್ಲ ಸೇರಿ ನನ್ನ ಕೈಯಿಂದ ಒಂದು ಸಾವಿರ ಡಾಲರಿನಷ್ಟು ಹೋಗಿರಬಹುದು.

ಡೀಡುಗಳನ್ನು ಇಂದಿನಿಂದ ಹಿಂದಕ್ಕೆ ಓದುತ್ತ ಹೋದರೆ ಹತ್ತೊಂಬತ್ತನೆಯ ಶತಮಾನದ ನಡುವೆ ಎಲ್ಲೋ ದಾರಿ ಕಡಿಯುತ್ತದೆ, ಏಕೆಂದರೆ ಜಮೀನು ತಂದೆಯಿಂದ ಮಗನಿಗೆ ಡೀಡಿಲ್ಲದೆ ಹೋಗಿರುತ್ತದೆ. ಸತ್ತವರ ಆಸ್ತಿ ಹಂಚಿಕೆಯ ಪ್ರೊಬೇಟ್ ಕಡತಗಳನ್ನು ಒಂದೊಂದಾಗಿ ತೆರೆಯುತ್ತ ಕೂತರೆ ಮುನ್ನೂರು ಮನೆ ಮುಗಿಯುವುದಿಲ್ಲ. ನಾನು ಎರಡೂ ದಡದಿಂದ ನಡೆದೆ: ಈ ಕಡೆಯಿಂದ ಮನೆಮನೆಯ ಮೇಲೂ ಯಜಮಾನರ ಹೆಸರು ಅಚ್ಚಾಗಿರುವ 1875ರ ಬಿಯರ್ಸ್ ಅಟ್ಲಾಸ್ ಮತ್ತು 1856ರ ವಾಲಿಂಗ್ ನಕ್ಷೆ, ಆ ಕಡೆಯಿಂದ ಮನೆಯ ಅಳತೆ, ಕಿಟಕಿಗಳ ಸಂಖ್ಯೆ, ಒಡೆಯ ಮತ್ತು ವಾಸಿಯ ಹೆಸರು ಇರುವ 1798ರ ಫೆಡರಲ್ ನೇರ ತೆರಿಗೆಯ ಪಟ್ಟಿ. ನಡುವಿನ ಅರವತ್ತು ವರ್ಷಗಳನ್ನು ದಾಟಿಸುವುದು ಊರಿನ ಕಂದಾಯದ ಪಟ್ಟಿ. ಆ ಪಟ್ಟಿ ಅಕಾರಾದಿಯಲ್ಲಿ ಇಲ್ಲದ ವರ್ಷಗಳಲ್ಲಿ ಅದರಿಂದ ನೆರೆಹೊರೆಯ ಕ್ರಮವನ್ನು ಹೇಗೆ ತೆಗೆಯಬಹುದೆಂಬುದು ನನ್ನ ಕೈಚಳಕ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಪಕ್ಕದ ಊರಿನ ಪಟ್ಟಿಯ ಮೇಲೆ ಅದನ್ನು ಇನ್ನೊಮ್ಮೆ ಪರೀಕ್ಷಿಸುವುದಿದೆ.

ಹಣದ ಲೆಕ್ಕದಲ್ಲಿ ಎಚ್ಚರ ಬೇಕು. 1750ಕ್ಕೆ ಮೊದಲಿನ ಚೀಟಿಗಳಲ್ಲಿರುವುದು ಹಳೆಯ ಕಾಗದದ ಹಣ, ಓಲ್ಡ್ ಟೆನರ್. ಫ್ರೆಂಚರ ಲೂಯಿಸ್‌ಬರ್ಗ್ ಕೋಟೆಯ ಮೇಲಿನ ದಂಡಯಾತ್ರೆಯ ಖರ್ಚಿಗೆ ಇಂಗ್ಲೆಂಡ್ ಕಳುಹಿಸಿದ ಬೆಳ್ಳಿಯಿಂದ ಮ್ಯಾಸಚೂಸೆಟ್ಸ್ ಅದನ್ನು ಏಳೂವರೆಗೆ ಒಂದರಂತೆ ಹಿಂದಕ್ಕೆ ಪಡೆಯಿತು. 45 ಷಿಲಿಂಗ್ ಓಲ್ಡ್ ಟೆನರ್ ಎಂದರೆ 6 ಷಿಲಿಂಗ್ ಲಾಫುಲ್ ಮನಿ (ಬೆಳ್ಳಿಯ ಆಧಾರದ ಹೊಸ ಹಣ), ಅಂದರೆ ಒಂದು ಸ್ಪ್ಯಾನಿಷ್ ಡಾಲರ್. ಇದನ್ನು ಪರಿವರ್ತಿಸದೆ ಅಚ್ಚು ಹಾಕಿದರೆ, ಶಾಲೆ ನಡೆಸಿದ ಹೆಂಗಸಿನ ಸಂಬಳ ಒಂದೇ ವರ್ಷದಲ್ಲಿ ಕುಸಿದುಬಿದ್ದಂತೆ ಕಾಣುತ್ತದೆ. ತಾರೀಖಿನ ವಿಷಯದಲ್ಲೂ ಹಾಗೆಯೇ, 1752ಕ್ಕೆ ಮೊದಲು ವರ್ಷ ತಿರುಗುತ್ತಿದ್ದದ್ದು ಮಾರ್ಚ್ 25ಕ್ಕೆ.

ಇದರ ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಮಾಸಿಹೋದ ಐರನ್ ಗಾಲ್ ಶಾಯಿ (ಆ ಕಾಲದ ಕಬ್ಬಿಣ ಬೆರೆತ ಶಾಯಿ) 365 ನ್ಯಾನೊಮೀಟರಿನ ನೇರಳಾತೀತ ಬೆಳಕಿನಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ. ಮೂವತ್ತು ನಲವತ್ತು ಡಾಲರಿನ ಟಾರ್ಚು, ಕಣ್ಣಿಗೆ ರಕ್ಷಣೆಯ ಕನ್ನಡಕ, ಒಂದೊಂದು ಚೀಟಿಗೆ ಕೆಲವೇ ಸೆಕೆಂಡು, ಇಷ್ಟರಲ್ಲಿ ಓದಲಾಗದೆಂದು ಬದಿಗಿಟ್ಟಿದ್ದ ಚೀಟಿಗಳಲ್ಲಿ ಅರ್ಧದಷ್ಟು ಓದಿಸಿಕೊಂಡವು. ಹಳೆಯ ಕೈಬರಹ ಓದುವ ತಂತ್ರಾಂಶ ಟ್ರಾನ್ಸ್‌ಕ್ರಿಬಸ್‌ಗೆ ನೂರು ಪುಟದಷ್ಟು ತಿದ್ದಿ ಕೊಟ್ಟು ಕಲಿಸಿದೆ. ವಾಕ್ಯಗಳನ್ನು ಚೆನ್ನಾಗಿ ಓದಿತು, ಪೌಂಡ್ ಷಿಲಿಂಗ್ ಪೆನ್ಸಿನ ಕಂಬಸಾಲುಗಳಲ್ಲಿ ಸೋತಿತು. ನಮಗೆ ಬೇಕಾದದ್ದೇ ಅಂಕಿಗಳಾದ್ದರಿಂದ ಅವನ್ನು ಕೈಯಲ್ಲೇ ಬರೆದುಕೊಂಡೆವು. ಹಳೆಯ ಸ್ಮಶಾನದಲ್ಲಿ ಸವೆದ ಸ್ಲೇಟುಕಲ್ಲುಗಳ ಅಕ್ಷರವನ್ನು ದೊಡ್ಡ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿ ಓದಿದೆವು, ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿದು ಕಲ್ಲು ಕೆಡಿಸುವವರನ್ನು ಇದರಿಂದಲಾದರೂ ತಡೆಯಬಹುದು. ಕಾರ್ಡಿಗೆ ಬೇಕಾಗಿದ್ದ ಹಲವು ಸಾವಿನ ತಾರೀಖುಗಳು ಹಾಗೆ ಸಿಕ್ಕವು.

ಕಾರ್ಡು ಕೊಡಲು ನಾನೇ ಮನೆಮನೆಗೆ ಹೋದೆ, ಅಂಚೆಯಲ್ಲಿ ಹಾಕಲಿಲ್ಲ. ಮೊದಲು ಯಾವ ಬೀದಿ, ಯಾರ ಮನೆ ಎಂಬ ಕ್ರಮವನ್ನು ಬಹಳ ಯೋಚಿಸಿ ಇಟ್ಟಿದ್ದೆ, ಅದನ್ನು ಬಿಡಿಸಿ ಹೇಳುವುದಿಲ್ಲ. ನಿಮ್ಮ ಊರಿನ ಕ್ರಮ ನಿಮಗೇ ಹೊಳೆಯಬೇಕು. ಜನ ಬಾಗಿಲಲ್ಲೇ ನಿಂತು ಓದಿದರು, ಕೆಲವರು ಒಳಗೆ ಕರೆದು ಅಟ್ಟದ ಮೇಲಿದ್ದ ಡೀಡುಗಳನ್ನು ತಂದು ತೋರಿಸಿದರು, ಅವುಗಳಿಂದ ನನ್ನ ಪಟ್ಟಿಯ ಖಾಲಿ ಜಾಗಗಳು ತುಂಬಿದವು. ತಮ್ಮ ಮನೆಯ ಜಾಗದಲ್ಲಿ ಅಕೇಡಿಯನ್ ಕುಟುಂಬವೊಂದನ್ನು ಇರಿಸಿದ್ದರೆಂದು ತಿಳಿದ ದಂಪತಿಗಳು ಫಿನ್ಯಾನ್ಸ್ ಕಮಿಟಿಯ ಸಭೆಗೆ ತಾವಾಗಿಯೇ ಬಂದು ಮಾತಾಡಿದರು. ಕಮಿಟಿ ಈ ಸಲ ಒಂದೆರಡು ಮತಗಳ ಅಂತರದಿಂದ ಶಿಫಾರಸು ಮಾಡಿತು.

ಅರ್ಜಿಯನ್ನೂ ಒಡೆದಿದ್ದೆವು. ಪುಸ್ತಕಗಳ ರಟ್ಟನ್ನು ಕೈಬಿಟ್ಟು ಚೀಟಿಗಳಿಗೆ ಮಾತ್ರ 28,000 ಕೇಳಿದೆವು. ಸಿಪಿಎ ಹಣದಲ್ಲಿ ಸಮಿತಿ ಶಿಫಾರಸು ಮಾಡಿದ ಮೊತ್ತವನ್ನು ಟೌನ್ ಮೀಟಿಂಗ್ ಕಡಿಮೆ ಮಾಡಬಹುದು, ತಿರಸ್ಕರಿಸಬಹುದು, ಏರಿಸುವಂತಿಲ್ಲ. ಆದ್ದರಿಂದ ಮೊತ್ತದ ಚೌಕಾಸಿಯೆಲ್ಲ ಚಳಿಗಾಲದಲ್ಲೇ ಸಮಿತಿಯ ಮೇಜಿನ ಮೇಲೆ ಮುಗಿಯಬೇಕು. ಮೀಟಿಂಗಿನ ರಾತ್ರಿ ಆರ್ಟಿಕಲ್ ಬಂದಾಗ ಸಭಾಂಗಣದಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಆ ಕಾರ್ಡುಗಳಿದ್ದವು. ನನಗೆ ಸಿಕ್ಕಿದ್ದ ಮೂರು ನಿಮಿಷದಲ್ಲಿ ನಾನು ವಾದ ಮಾಡಲಿಲ್ಲ, ಊರಿನ ಖರ್ಚಿನಲ್ಲಿ ಮನೆಯಿಂದ ಮನೆಗೆ ಹೋದ ಆ ಹೆಂಗಸಿನ ಚೀಟಿಗಳನ್ನು ವರ್ಷದ ಕ್ರಮದಲ್ಲಿ ಓದಿದೆ, ಆಕೆಯನ್ನು ಸಾಕಿದ ಮನೆಗಳ ಇಂದಿನ ವಿಳಾಸಗಳನ್ನು ಹೇಳುತ್ತ ಹೋದೆ. ವಿರೋಧವಾಗಿ ಎದ್ದ ಮತಚೀಟಿಗಳು ಎಣಿಸುವಷ್ಟೂ ಇರಲಿಲ್ಲ, ಮಾಡರೇಟರ್ ಕಣ್ಣಳತೆಯಲ್ಲೇ ಅಂಗೀಕಾರ ಸಾರಿದರು. ಕಾಗದದ ತುಣುಕಿಗೆ ಹಣ ಹುಟ್ಟುವುದಿಲ್ಲ ಎಂದಿದ್ದ ಹಿರಿಯರೊಬ್ಬರು ಮರುವಾರ ತಮ್ಮ ಮನೆಯ ಕಾರ್ಡಿನ ಇನ್ನೊಂದು ಪ್ರತಿ ಬೇಕೆಂದು ಕೇಳಿಕೊಂಡು ಬಂದರು.

ಜುಲೈ 1ರಿಂದ ಹಣ ಕೈಗೆ ಬಂದಿದೆ. ಚೀಟಿಗಳಿಗೆ ತೇವ ಕೊಟ್ಟು ಸಮಗೊಳಿಸುವ ಕೆಲಸ ಅರ್ಧ ಮುಗಿದಿದೆ, ಆಮ್ಲರಹಿತ ಕವರು ಮತ್ತು ಪೆಟ್ಟಿಗೆಗಳಿಗೆ ಮೂರು ಸಾವಿರದಷ್ಟು ಹೋಗಿದೆ, ಸ್ಕ್ಯಾನಿಂಗಿಗೆ ಹೊಸ ಕಂಪನಿಯೊಂದು ಚೀಟಿಗೆ ಒಂದೂವರೆ ಡಾಲರಿನಂತೆ ಒಪ್ಪಿದೆ. ಬಿಟ್ಟಿದ್ದ ಲೆಕ್ಕದ ಪುಸ್ತಕಗಳ ರಟ್ಟಿಗೆ ಈ ಶರತ್ಕಾಲದಲ್ಲಿ ಬೇರೆ ಅರ್ಜಿ ಹಾಕುತ್ತಿದ್ದೇವೆ. ಊರು ಬಿಡಲು ಎಚ್ಚರಿಕೆ ಪಡೆದವರು ಯಾವ ಊರಿಂದ ಬಂದರೆಂದು ನಮ್ಮ ಕಾಗದಗಳಲ್ಲಿ ಬರೆದಿರುವುದರಿಂದ, ಆ ಊರುಗಳ ಚೀಟಿಗಳ ಜೊತೆ ನಮ್ಮದನ್ನು ಜೋಡಿಸಿದರೆ ಒಂದೊಂದು ಕುಟುಂಬ ನಡೆದ ದಾರಿ ಸಿಗುತ್ತದೆ. ಕಾನ್ಕರ್ಡ್ ನದಿಯ ಆಸುಪಾಸಿನ ಊರುಗಳಲ್ಲಿ ಯಾರಾದರೂ ಇಂಥ ಕಟ್ಟುಗಳನ್ನು ಬಿಚ್ಚುತ್ತಿದ್ದರೆ ನಮ್ಮ ಪಟ್ಟಿಯನ್ನು ಕೊಡಲು ನಾನು ಸಿದ್ಧ.